ಕೋಳಿಮರಿಗಳ ಕಾಲುಸೋಲು: ಬಳ್ಳಾರಿ ಸೀಮೆಯಲ್ಲಿ ಗುರುತು ಮತ್ತು ಚಿಕಿತ್ಸೆ

ಮೊಟ್ಟೆಯೊಡೆದು ಹೊರಬಂದ ದಿನದಿಂದ ಸುಮಾರು ಎಂಟು ವಾರದವರೆಗಿನ ಕೋಳಿಮರಿ ನಿಲ್ಲಲಾರದೆ, ನಡೆಯಲಾರದೆ, ಕುಂಟುತ್ತ ಅಥವಾ ಕುಳಿತಲ್ಲೇ ಉಳಿಯುವ ಸ್ಥಿತಿಯನ್ನು ಕಾಲುಸೋಲು ಎನ್ನುತ್ತಾರೆ. ಇದರ ಹಿಂದೆ ಜಾರುವ ನೆಲವಿರಬಹುದು, ಜೀವಸತ್ವದ ಕೊರತೆಯಿರಬಹುದು, ವೈರಸ್, ಉಣ್ಣೆ, ವಿಷ ಏನೂ ಇರಬಹುದು. ಮರಿ ಮಾತ್ರ ಎಲ್ಲಕ್ಕೂ ಒಂದೇ ರೀತಿ ಕುಸಿದು ಕೂರುತ್ತದೆ. ಹಾಗಾಗಿ ಔಷಧಿ ಅಂಗಡಿಯಿಂದ ಬಿ-ಕಾಂಪ್ಲೆಕ್ಸ್ ಶೀಶೆ ತಂದು ನೀರಿಗೆ ಸುರಿಯುವುದು ಎಲ್ಲೆಡೆಯ ರೂಢಿ. ಕೆಲವು ಸಲ ಅದು ಫಲಿಸುತ್ತದೆ. ಫಲಿಸದಿದ್ದಾಗ ಅಷ್ಟರಲ್ಲಿ ಮೂರು ದಿನ ಕಳೆದಿರುತ್ತದೆ, ಎಳೆಮರಿಯ ಆಯಸ್ಸಿನಲ್ಲಿ ಮೂರು ದಿನ ದೊಡ್ಡದು.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳಲ್ಲಿ ಕೋಳಿ ಸಾಕಣೆ ಮೂರು ಬಗೆಯಲ್ಲಿದೆ. ಮನೆಯಂಗಳದ ಜವಾರಿ ಕೋಳಿ ತಾಯಿಯ ಕಾವಿನಲ್ಲೇ ಬೆಳೆಯುತ್ತದೆ. ಗಿರಿರಾಜ, ಸ್ವರ್ಣಧಾರ, ವನರಾಜದಂಥ ಸುಧಾರಿತ ತಳಿಗಳ ಮರಿಗಳನ್ನು ಕೊಂಡು ತಂದು ಬಲ್ಬಿನ ಶಾಖದಲ್ಲಿ ಸಾಕುತ್ತಾರೆ. ಇವಲ್ಲದೆ ಕಂಪನಿಗಳ ಒಪ್ಪಂದದ ಮೇಲೆ ನಡೆಯುವ ಬ್ರಾಯ್ಲರ್ ಶೆಡ್‌ಗಳಿವೆ. ಕಾಲುಸೋಲಿನ ಕಾರಣಗಳು ಈ ಮೂರರಲ್ಲೂ ಬೇರೆಬೇರೆ. ತಾಯಿಕೋಳಿಯ ಹಿಂದೆ ತಿಪ್ಪೆ ಕೆದರಿ ಗೆದ್ದಲು, ಹುಳ, ಹಸಿರು ತಿನ್ನುವ ಮರಿಯಲ್ಲಿ ಜೀವಸತ್ವದ ಕೊರತೆ ಅಪರೂಪ, ಉಣ್ಣೆಯ ಕಾಟ ಹೆಚ್ಚು. ಪೆಟ್ಟಿಗೆಯಲ್ಲಿ ನುಚ್ಚು ತಿಂದು ಬೆಳೆಯುವ ಮರಿಯಲ್ಲಿ ಇದು ತಿರುವುಮುರುವು.

ವಯಸ್ಸು, ಎಣಿಕೆ, ಭಂಗಿ

ಪಶುವೈದ್ಯರು ಮೊದಲು ಕೇಳುವ ಪ್ರಶ್ನೆ ಮರಿಗೆ ಎಷ್ಟು ದಿನ ಎಂಬುದು. ಮೊದಲ ಮೂರು ದಿನದಲ್ಲೇ ಕಾಲು ಹೋಗಿದ್ದರೆ ಕಾರಣವನ್ನು ಮೊಟ್ಟೆ ಮರಿಮಾಡುವ ಯಂತ್ರದಲ್ಲಿ, ನೆಲದಲ್ಲಿ, ಸಾಗಣೆಯಲ್ಲಿ ಹುಡುಕಬೇಕು. ಒಂದರಿಂದ ಮೂರು ವಾರದೊಳಗಾದರೆ ಆಹಾರದ ಮೇಲೆ, ಜೊತೆಗೆ ಮಿದುಳಿಗೆ ತಗಲುವ ಕೆಲವು ವೈರಸ್‌ಗಳ ಮೇಲೆ ಅನುಮಾನ. ಆರು ವಾರ ದಾಟಿದ ಮೇಲೆ ಮರೆಕ್ಸ್ ರೋಗದ ಹೆಸರು ಬರುತ್ತದೆ. ಎರಡನೆಯ ಪ್ರಶ್ನೆ, ನೂರರಲ್ಲಿ ಎಷ್ಟು ಬಿದ್ದಿವೆ? ಒಂದೆರಡಾದರೆ ಪೆಟ್ಟು, ಹುಟ್ಟಿನ ದೋಷ, ಕೀಲಿನ ಸೋಂಕು ಇರಬಹುದು. ಒಂದೇ ಬೆಳಿಗ್ಗೆ ಅರ್ಧಕ್ಕರ್ಧ ಕುಳಿತುಬಿಟ್ಟರೆ ಹಿಂದಿನ ದಿನ ಬಿಚ್ಚಿದ ಆಹಾರದ ಚೀಲವನ್ನೂ ನೀರಿಗೆ ಬೆರೆಸಿದ ಔಷಧಿಯನ್ನೂ ನೋಡಬೇಕು. ದಿನಕ್ಕೆ ನಾಲ್ಕೈದರಂತೆ ಏರುತ್ತ ಹೋದರೆ ಅದು ಸೋಂಕಿನ ನಡಿಗೆ.

ಆಮೇಲೆ ಭಂಗಿ. ಕಾಲ್ಬೆರಳು ಒಳಕ್ಕೆ ಮುಷ್ಟಿಯಂತೆ ಮಡಚಿದ್ದರೆ ರೈಬೋಫ್ಲೇವಿನ್ ಜೀವಸತ್ವದ ಕೊರತೆ. ತಲೆ ಬೆನ್ನಿಗೆ ತಾಗುವಂತೆ ಆಕಾಶ ನೋಡುತ್ತಿದ್ದರೆ ಥಯಮಿನ್ ಜೀವಸತ್ವದ ಕೊರತೆ. ಒಂದು ಕಾಲು ಮುಂದೆ, ಇನ್ನೊಂದು ಹಿಂದೆ ಚಾಚಿದ್ದರೆ ಮರೆಕ್ಸ್. ಎರಡೂ ಕಾಲು ಎರಡು ಬದಿಗೆ ಹರಡಿದ್ದರೆ ಜಾರುಗಾಲು. ಜನರು ಮೊಣಕಾಲೆಂದು ತಿಳಿಯುವ, ನಿಜದಲ್ಲಿ ಹಿಮ್ಮಡಿಯಾದ ಹಾಕ್ ಕೀಲು ಊದಿ, ಅದರ ಕೆಳಗಿನ ಕಾಲು ಪಕ್ಕಕ್ಕೆ ತಿರುಚಿದ್ದರೆ ಸ್ನಾಯುರಜ್ಜು ಜಾರಿದೆ. ಇವು ಪುಸ್ತಕದ ಚಿತ್ರಗಳು. ಅಂಗಳದ ಮರಿ ಇಷ್ಟು ಅಚ್ಚುಕಟ್ಟಾಗಿ ರೋಗ ತೋರಿಸುವುದಿಲ್ಲ. ಆದರೂ ಮರಿಯನ್ನು ಕೈಗೆತ್ತಿಕೊಂಡು ಎರಡೂ ಕಾಲನ್ನು ಹೋಲಿಸಿ, ಕೀಲಿನ ಬಿಸಿ ಮುಟ್ಟಿ, ಕೊಕ್ಕು ಬಗ್ಗುತ್ತದೆಯೇ ಎಂದು ಒತ್ತಿ, ರೆಕ್ಕೆಯಡಿ ಬಿಡಿಸಿ ನೋಡಿದರೆ ಅರ್ಧ ಕೆಲಸ ಮುಗಿದಂತೆ. ಸತ್ತ ಮರಿಯಿದ್ದರೆ ಕಾಲಿನ ಮೂಳೆ ಮುರಿದು ನೋಡುವುದು ವೈದ್ಯರ ಹಳೆಯ ಪರೀಕ್ಷೆ. ಆರೋಗ್ಯದ ಮೂಳೆ ಟಪ್ಪೆಂದು ಮುರಿಯುತ್ತದೆ, ಮೂಳೆ ಮೆತ್ತಗಾಗುವ ರಿಕೆಟ್ಸ್ ರೋಗವಾದದ್ದು ಬಾಗುತ್ತದೆ.

ಮೊದಲ ವಾರದ ಜಾರುಗಾಲು

ಮನೆಯಲ್ಲಿ ಗುಣವಾಗುವ ಕಾಲುಸೋಲುಗಳಲ್ಲಿ ಜಾರುಗಾಲೇ ಮುಖ್ಯ. ರಟ್ಟಿನ ಪೆಟ್ಟಿಗೆಗೆ ದಿನಪತ್ರಿಕೆ ಹಾಸಿ ಮರಿ ಬಿಟ್ಟರೆ ನುಣುಪು ಕಾಗದದ ಮೇಲೆ ಕಾಲು ನಿಲ್ಲದೆ ಬದಿಗೆ ಸರಿಯುತ್ತದೆ. ಎರಡು ದಿನದಲ್ಲಿ ತೊಡೆಯ ಸ್ನಾಯು, ಕೀಲು ಅದೇ ಭಂಗಿಗೆ ಒಗ್ಗುತ್ತವೆ. ಮರಿಯಂತ್ರದಲ್ಲಿ ಶಾಖ, ತೇವ ಏರುಪೇರಾದರೂ ಕಾಲು ಸೋತ ಮರಿಗಳು ಹುಟ್ಟುತ್ತವೆ. 21 ದಿನದ ಕಾವಿಗೆ 37.5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ ಬೇಕು, ಕೊನೆಯ ಮೂರು ದಿನ ತೇವ ಹೆಚ್ಚಿರಬೇಕು. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯ ಒಣಹವೆಯಲ್ಲಿ, ಕರೆಂಟು ಹೋಗಿ ಬರುವ ಮನೆಯೊಳಗೆ ಸಣ್ಣ ಯಂತ್ರ ಈ ಲೆಕ್ಕ ಕಾಯುವುದು ಕಷ್ಟ.

ಚಿಕಿತ್ಸೆ ಸರಳ. ಮೆತ್ತನೆಯ ಅಂಟುಪಟ್ಟಿಯನ್ನು ಎರಡು ಕಾಲಿಗೂ ಹಾಕ್ ಕೀಲಿನ ಕೆಳಗೆ ಬಳೆಯಂತೆ ಸುತ್ತಿ, ನಡುವೆ ಸುಮಾರು ಎರಡೂವರೆ ಸೆಂಟಿಮೀಟರ್ ಅಂತರ ಬಿಡಬೇಕು. ಮರಿ ಸಹಜವಾಗಿ ನಿಂತಾಗ ಕಾಲ ನಡುವೆ ಇರುವಷ್ಟೇ ಅಂತರ ಅದು. ಪಟ್ಟಿ ಬಿಗಿಯಾದರೆ ಪಾದ ಊದುತ್ತದೆ, ಆದ್ದರಿಂದ ದಿನವೂ ಬಿಚ್ಚಿ ನೋಡಿ ಮತ್ತೆ ಕಟ್ಟಬೇಕು. ನೆಲಕ್ಕೆ ಗೋಣಿತಾಟು ಹಾಸಿದರೆ ಉಗುರಿಗೆ ಹಿಡಿತ ಸಿಗುತ್ತದೆ. ಮೂರರಿಂದ ಐದು ದಿನದಲ್ಲಿ ಬಹುಪಾಲು ಮರಿಗಳು ನಡೆಯುತ್ತವೆ. ಒಂದು ವಾರ ತಡಮಾಡಿ ಕಟ್ಟಿದ ಪಟ್ಟಿ ಹೆಚ್ಚು ಕೆಲಸ ಮಾಡುವುದಿಲ್ಲ.

ಸಿರುಗುಪ್ಪದ ಅಕ್ಕಿ ಗಿರಣಿಗಳಿಂದಾಗಿ ಇಲ್ಲಿ ಭತ್ತದ ಹೊಟ್ಟಿಗೆ ಬರವಿಲ್ಲ. ಅದನ್ನು ಎರಡು ಅಂಗುಲ ಹರಡಿದರೆ ಒಳ್ಳೆಯ ಹಾಸಾಗುತ್ತದೆ. ಎಳೆಮರಿ ಹೊಟ್ಟನ್ನೇ ಆಹಾರವೆಂದು ತಿನ್ನಬಾರದೆಂದು ಮೊದಲ ಮೂರು ದಿನ ಮೇಲೆ ಕಾಗದ ಹಾಸಲು ಹೇಳುತ್ತಾರೆ. ಈ ಸಲಹೆ ಸರಿ, ಆದರೆ ಕಾಗದ ಒರಟಾದದ್ದು ಅಥವಾ ಸುಕ್ಕುರಟ್ಟಾಗಿರಬೇಕು ಎಂಬ ಅರ್ಧಭಾಗ ಬಾಯಿಂದ ಬಾಯಿಗೆ ದಾಟುವಾಗ ಕಳೆದುಹೋಗುತ್ತದೆ.

ಬಣ್ಣ ಹಚ್ಚಿ ಬುಟ್ಟಿಯಲ್ಲಿ ತುಂಬಿ ಬೀದಿಯಲ್ಲಿ ಮಾರುವ ಮರಿಗಳ ಕಥೆ ಬೇರೆ. ಬಿಸಿಲಿನಲ್ಲಿ ನೀರಿಲ್ಲದೆ ಅಲೆದು ಬಂದ ಅವುಗಳ ಕಾಲಿನ ಚರ್ಮ ಒಣಗಿ ಸುಕ್ಕಾಗಿರುತ್ತದೆ, ಕಣ್ಣು ಮುಚ್ಚಿರುತ್ತದೆ. ಇದು ಬರೀ ನಿರ್ಜಲತೆ. ನೆರಳು, ಉಗುರುಬೆಚ್ಚಗಿನ ನೀರು, ಓಆರ್‌ಎಸ್ ಕೊಟ್ಟರೆ ಕೆಲವು ಗಂಟೆಗಳಲ್ಲಿ ಎದ್ದು ನಿಲ್ಲುವ ಮರಿ ಬದುಕುತ್ತದೆ. ಮೊದಲ ವಾರ ಬ್ರೂಡರಿನಲ್ಲಿ, ಅಂದರೆ ಮರಿಗೆ ಶಾಖ ಕೊಡುವ ಗೂಡಿನಲ್ಲಿ, ಸುಮಾರು 35 ಡಿಗ್ರಿ ಇರಬೇಕೆಂಬ ನಿಯಮವನ್ನು ನಂಬಿ ಮೇ ತಿಂಗಳ ಮಧ್ಯಾಹ್ನವೂ ಬಲ್ಬು ಉರಿಸುವವರಿದ್ದಾರೆ. ಆ ಹೊತ್ತಿನ ಬಳ್ಳಾರಿಗೆ ಬಲ್ಬು ಬೇಡ.

ಭತ್ತದ ಸೀಮೆಯ ಆಹಾರ

ತುಂಗಭದ್ರಾ ಅಣೆಕಟ್ಟೆಯಿಂದ 1953ರಲ್ಲಿ ನೀರು ಹರಿಯತೊಡಗಿದ ಮೇಲೆ ಸಿರುಗುಪ್ಪ, ಕುರುಗೋಡು ಭಾಗದ ಜೋಳದ ಹೊಲಗಳು ಗದ್ದೆಗಳಾದವು. ಕೋಳಿಗೆ ಬೀಳುವ ಕಾಳೂ ಬದಲಾಯಿತು. ಇಂದು ಗಿರಣಿ ಸಮೀಪದ ಮನೆಗಳಲ್ಲಿ ಮರಿಯ ಮೊದಲ ತುತ್ತು ನುಚ್ಚಕ್ಕಿ, ಜೊತೆಗೆ ಮಿಕ್ಕ ಅನ್ನ. ಅಗ್ಗದ, ಸುಲಭದ ಆಹಾರ. ಅದೊಂದನ್ನೇ ಕೊಟ್ಟರೆ ಏನಾಗುತ್ತದೆ ಎಂಬುದು ವೈದ್ಯವಿಜ್ಞಾನದ ಇತಿಹಾಸದಲ್ಲೇ ದಾಖಲಾಗಿದೆ.

1890ರ ಸುಮಾರಿಗೆ ಜಾವಾ ದ್ವೀಪದ ಬಟಾವಿಯಾದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಬೆರಿಬೆರಿ ರೋಗದ ಕ್ರಿಮಿಯನ್ನು ಹುಡುಕುತ್ತಿದ್ದರು. ಪ್ರಯೋಗಕ್ಕೆ ಸಾಕಿದ ಕೋಳಿಗಳು ಒಂದೊಂದಾಗಿ ಕಾಲು ಸೋತು ಕುಸಿದವು, ಸೂಜಿ ಚುಚ್ಚದ ಕೋಳಿಗಳನ್ನೂ ರೋಗ ಬಿಡಲಿಲ್ಲ. ಕೆಲವು ತಿಂಗಳ ನಂತರ ತಾವಾಗಿಯೇ ಚೇತರಿಸಿಕೊಂಡವು. ವಿಚಾರಿಸಿದಾಗ ತಿಳಿದದ್ದು: ಆ ಅವಧಿಯಲ್ಲಿ ಅವಕ್ಕೆ ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯ ಪಾಲಿಶ್ ಅಕ್ಕಿಯ ಅನ್ನ ಬೀಳುತ್ತಿತ್ತು. ಹೊಸದಾಗಿ ಬಂದ ಅಡುಗೆಯವನು ಮಿಲಿಟರಿ ಅಕ್ಕಿಯನ್ನು ಕೋಳಿಗೆ ಹಾಕಲು ಒಪ್ಪದೆ ನಿಲ್ಲಿಸಿದ್ದ. ತೌಡಿನಲ್ಲಿ ಏನೋ ಇದೆ ಎಂಬ ಈ ಸುಳಿವು ಮುಂದೆ ಥಯಮಿನ್, ಅಂದರೆ ಬಿ-1 ಜೀವಸತ್ವಕ್ಕೆ ದಾರಿಯಾಯಿತು. 1929ರಲ್ಲಿ ಐಕ್‌ಮನ್‌ಗೆ ನೊಬೆಲ್ ಬಂತು. ಕಾಲುಸೋಲಿನ ಕೋಳಿಯಿಂದ ಸಿಕ್ಕ ನೊಬೆಲ್ ಇದು, ಆ ಜಿಪುಣ ಅಡುಗೆಯವನಿಗೂ ಅದರಲ್ಲಿ ಪಾಲಿದೆ.

ನುಚ್ಚಿನ ಮೇಲೆ ಬೆಳೆದ ಮರಿ ಮೊದಲು ತಿನ್ನುವುದು ಬಿಡುತ್ತದೆ, ನಂತರ ಹಾಕ್ ಕೀಲಿನ ಮೇಲೆ ಕೂತು ತಲೆ ಹಿಂದಕ್ಕೆ ಎಳೆಯುತ್ತದೆ. ಥಯಮಿನ್ ಬಾಯಿಗೆ ಹಾಕಿದರೆ ಅಥವಾ ಚುಚ್ಚಿದರೆ ಕೆಲವೇ ಗಂಟೆಗಳಲ್ಲಿ ಸುಧಾರಣೆ ಕಾಣುತ್ತದೆ. ಜೀವಸತ್ವದ ಕೊರತೆಗಳಲ್ಲಿ ಇಷ್ಟು ಬೇಗ ತಿರುಗುವ ಕಾಲುಸೋಲು ಬೇರೊಂದಿಲ್ಲ. ಹಾಗೆ ತಿರುಗಿದರೆ ರೋಗ ಇದೇ ಎಂಬುದಕ್ಕೂ ಅದೇ ಸಾಕ್ಷಿ. ರಕ್ತಭೇದಿಗೆ ಕೊಡುವ ಆಂಪ್ರೋಲಿಯಂ ಥಯಮಿನ್‌ಗೆ ಅಡ್ಡ ನಿಲ್ಲುವ ಔಷಧಿ ಎಂಬುದನ್ನೂ ಮರೆಯಬಾರದು. ಪ್ರಮಾಣ ಮೀರಿ, ದಿನ ಮೀರಿ ಕೊಟ್ಟರೆ ಅದೇ ಲಕ್ಷಣ ತರುತ್ತದೆ.

ರೈಬೋಫ್ಲೇವಿನ್ ಕೊರತೆ ಇನ್ನೂ ಸಾಮಾನ್ಯ. ಅಕ್ಕಿ, ಜೋಳ, ಮೆಕ್ಕೆಜೋಳ ಮೂರರಲ್ಲೂ ಅದು ಕಡಿಮೆ. ಮರಿಗೆ ಪ್ರತಿ ಕಿಲೋ ಆಹಾರದಲ್ಲಿ ಸುಮಾರು 3.6 ಮಿಲಿಗ್ರಾಂ ಬೇಕು. ಎರಡನೆಯ ವಾರದಲ್ಲಿ ಬೆರಳು ಒಳಕ್ಕೆ ಮಡಚಿ, ಮರಿ ರೆಕ್ಕೆ ಊರಿ ಹಾಕ್ ಕೀಲಿನ ಮೇಲೆ ತೆವಳುತ್ತದೆ. ಚುರುಕಾಗಿಯೇ ಇರುತ್ತದೆ, ತಿನ್ನಲು ಬಯಸುತ್ತದೆ, ತಟ್ಟೆಗೆ ತಲುಪಲಾರದು. ಒಳಗೆ ತೊಡೆಯ ದೊಡ್ಡ ನರ ಊದಿ ಮೆತ್ತಗಾಗಿರುತ್ತದೆ. ಆರಂಭದಲ್ಲೇ 100 ಮೈಕ್ರೋಗ್ರಾಂನ ಎರಡು ಪ್ರಮಾಣ ಕೊಟ್ಟು ಆಹಾರ ಸರಿಪಡಿಸಿದರೆ ಗುಣವಾಗುತ್ತದೆ. ನರ ಪೂರ್ತಿ ಕೆಟ್ಟ ಮೇಲೆ ಬೆರಳು ನೆಟ್ಟಗಾಗುವುದಿಲ್ಲ, ಎಷ್ಟು ಶೀಶೆ ಸುರಿದರೂ ಅಷ್ಟೇ. ಮನೆಯ ಮಟ್ಟಿಗೆ ನುಗ್ಗೆಸೊಪ್ಪು, ಮಜ್ಜಿಗೆ, ಬೇಯಿಸಿದ ಮೊಟ್ಟೆಯ ಚೂರು ಇದರ ತಡೆ. ತಾಯಿಕೋಳಿಗೇ ಕೊರತೆಯಿದ್ದರೆ ಮೊಟ್ಟೆ ಸರಿಯಾಗಿ ಮರಿಯಾಗುವುದಿಲ್ಲ. ಆಗಿ ಬಂದ ಮರಿಯೂ ಬೆರಳು ಮಡಚಿಕೊಂಡೇ ಬರಬಹುದು.

ಹಾಗಾದರೆ ತೌಡು ಹಾಕಿದರಾಯಿತಲ್ಲ ಎನ್ನಬಹುದು. ತೌಡಿನಲ್ಲಿ ಬಿ-1 ಹೇರಳ, ಆದರೆ ಎರಡು ತೊಡಕಿವೆ. ಅದರ ರಂಜಕದ ಬಹುಪಾಲು ಫೈಟೇಟ್ ರೂಪದಲ್ಲಿ ಕಟ್ಟಿಬಿದ್ದಿದೆ. ಎಳೆಮರಿಯ ಕರುಳಿಗೆ ಅದನ್ನು ಬಿಡಿಸಿಕೊಳ್ಳುವ ಶಕ್ತಿ ಕಡಿಮೆ. ಎರಡನೆಯದು ಕೊಬ್ಬು. ಗಿರಣಿಯಿಂದ ಹೊರಬಿದ್ದ ಕ್ಷಣದಿಂದ ಹಸಿ ತೌಡಿನೊಳಗಿನ ಕಿಣ್ವವು ಎಣ್ಣೆಯನ್ನು ಒಡೆಯತೊಡಗುತ್ತದೆ, ಬಳ್ಳಾರಿಯ ಸೆಕೆಯಲ್ಲಿ ಕೆಲವೇ ದಿನದಲ್ಲಿ ಕಮಟು ವಾಸನೆ ಬರುತ್ತದೆ. ಕಮಟಿದ ಕೊಬ್ಬು ಆಹಾರದಲ್ಲಿರುವ ಇ ಜೀವಸತ್ವವನ್ನು ನಾಶಮಾಡುತ್ತದೆ. ಎರಡರಿಂದ ನಾಲ್ಕು ವಾರದ ಮರಿ ಆಗ ತೂರಾಡುತ್ತದೆ, ಹಿಮ್ಮುಖ ಬೀಳುತ್ತದೆ, ಕಾಲು ಒದರುತ್ತದೆ. ಕಾಲುಸೋಲಿನಂತೆ ಕಂಡರೂ ಕೆಟ್ಟಿರುವುದು ಕಿರುಮಿದುಳು. ಇ ಜೀವಸತ್ವ ಮತ್ತು ಸೆಲೆನಿಯಂ ಬೇಗ ಕೊಟ್ಟರೆ ಕೆಲವು ಉಳಿಯುತ್ತವೆ. ಎಣ್ಣೆ ತೆಗೆದ ತೌಡಿನಲ್ಲಿ ಈ ಅಪಾಯ ಕಡಿಮೆ. ಹಸಿ ತೌಡನ್ನು ತಂದ ವಾರದಲ್ಲೇ ಮುಗಿಸುವುದು ಲೇಸು, ಮೂಸಿದಾಗ ಕಮಟಿದ್ದನ್ನು ಮರಿಗೆ ಹಾಕಲೇಬಾರದು.

ಶೇಂಗಾ ಹಿಂಡಿ, ಮೆಕ್ಕೆಜೋಳಗಳಲ್ಲಿ ಬೂಸು ಹಿಡಿದು ಅಫ್ಲಾಟಾಕ್ಸಿನ್ ಸೇರಿದರೆ ಯಕೃತ್ತು ಕೆಡುತ್ತದೆ. ಅದರ ಹಿಂದೆಯೇ ಕೊಬ್ಬಿನಲ್ಲಿ ಕರಗುವ ಜೀವಸತ್ವಗಳ ಹೀರಿಕೆ, ಡಿ ಜೀವಸತ್ವದ ಬಳಕೆ ಎರಡೂ ಕುಗ್ಗುತ್ತವೆ. ಆಹಾರದ ಚೀಟಿಯಲ್ಲಿ ಎಲ್ಲ ಜೀವಸತ್ವಗಳೂ ಸರಿಯಿದ್ದು ಮರಿ ಮಾತ್ರ ಕುಂಟುವ ಪ್ರಸಂಗಗಳಿಗೆ ಇದೊಂದು ಉತ್ತರ.

ಮ್ಯಾಂಗನೀಸ್, ಕೋಲೀನ್, ಬಯೋಟಿನ್‌ಗಳ ಕೊರತೆಯಿಂದ ಹಾಕ್ ಕೀಲಿನ ಹಿಂದಿನ ಸ್ನಾಯುರಜ್ಜು ತನ್ನ ಜಾಡಿನಿಂದ ಪಕ್ಕಕ್ಕೆ ಜಾರುತ್ತದೆ. ಇದಕ್ಕೆ ಪೆರೋಸಿಸ್ ಎಂದು ಹೆಸರು. ಮ್ಯಾಂಗನೀಸಿನ ಪಾತ್ರ 1930ರ ದಶಕದಲ್ಲಿ ತಿಳಿಯಿತು. ಮೆಕ್ಕೆಜೋಳದಲ್ಲಿ ಮ್ಯಾಂಗನೀಸ್ ಕಡಿಮೆ. ಅದನ್ನೇ ಮುಖ್ಯವಾಗಿ ತಿನ್ನಿಸಿ, ಕಾಲು ಗಟ್ಟಿಯಾಗಲೆಂದು ಸುಣ್ಣಕಲ್ಲಿನ ಪುಡಿ ಸುರಿದರೆ ಹೆಚ್ಚಾದ ಕ್ಯಾಲ್ಸಿಯಂ ಇದ್ದಷ್ಟು ಮ್ಯಾಂಗನೀಸಿಗೂ ಅಡ್ಡಿಯಾಗುತ್ತದೆ. ಒಮ್ಮೆ ಜಾರಿದ ರಜ್ಜು ಔಷಧಿಯಿಂದ ಮರಳುವುದಿಲ್ಲ. ಜಾರಿದ ದಿನವೇ ಕಾಲು ನೀಡಿ ಬೆರಳಿನಿಂದ ಒತ್ತಿ ಕೂರಿಸಿದರೆ ಎಲ್ಲೋ ಒಂದು ನಿಲ್ಲುತ್ತದೆ, ಉಳಿದವು ನೋವಿನಲ್ಲೇ ಬದುಕುತ್ತವೆ. ಅಂಥ ಮರಿಯನ್ನು ವೈದ್ಯರ ಸಲಹೆ ಪಡೆದು ನೋವಿಲ್ಲದೆ ಮುಗಿಸುವುದೇ ಕರುಣೆ. ಪೌಷ್ಟಿಕಾಂಶ ಸರಿಪಡಿಸುವುದು ಹಿಂಡಿನ ಉಳಿದ ಮರಿಗಳಿಗಾಗಿ.

ಬಿಸಿಲೂರಿನ ರಿಕೆಟ್ಸ್

1920ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು ಒಳಾಂಗಣದಲ್ಲಿ ಸಾಕಿದ ಮರಿಗಳ ಕಾಲುಸೋಲು ಸೂರ್ಯನ ಬೆಳಕಿನಿಂದ, ಕಾಡ್ ಮೀನಿನ ಎಣ್ಣೆಯಿಂದ ಗುಣವಾಗುವುದನ್ನು ತೋರಿಸಿದರು. ಅಲ್ಲಿನ ಚಳಿಗಾಲದ ಸಮಸ್ಯೆ ಬಿಸಿಲಿಗೇ ಹೆಸರಾದ ಬಳ್ಳಾರಿಯಲ್ಲಿ ಯಾಕೆ? ಬಿಸಿಲು ಇರುವುದು ಬೇರೆ, ಮರಿಗೆ ತಾಗುವುದು ಬೇರೆ. ಬೆಕ್ಕು, ಕಾಗೆ, ಹದ್ದು, ಬಿಸಿಗಾಳಿ ಎಲ್ಲದರಿಂದ ಕಾಪಾಡಲು ಪರದೆ ಇಳಿಬಿಟ್ಟು ಮುಚ್ಚಿದ ಕೋಣೆಯಲ್ಲಿ ಮೂರು ವಾರ ಬೆಳೆದ ಮರಿಗೆ, ಬಿಸಿಲಿನಿಂದ ಸಿಗಬೇಕಾದ ಡಿ-3 ಜೀವಸತ್ವ ಆಹಾರದಿಂದಲೇ ಬರಬೇಕು. ಕಿಟಕಿಯ ಗಾಜಿನ ಮೂಲಕ ಬೀಳುವ ಬಿಸಿಲು ಲೆಕ್ಕಕ್ಕಿಲ್ಲ; ಬೇಕಾದ ಅತಿನೇರಳೆ ಕಿರಣವನ್ನು ಗಾಜು ತಡೆಯುತ್ತದೆ.

ಮರಿಯ ಆಹಾರದಲ್ಲಿ ಕ್ಯಾಲ್ಸಿಯಂ ಶೇ 1, ದಕ್ಕುವ ರಂಜಕ ಶೇ 0.45 ಇರಬೇಕು, ಎರಡರ ಅನುಪಾತ ಕೆಟ್ಟರೂ ಮೂಳೆ ಮೆತ್ತಗಾಗುತ್ತದೆ. ಕೊಕ್ಕು ರಬ್ಬರಿನಂತೆ ಬಾಗಿದರೆ, ಪಕ್ಕೆಲುಬಿನ ಬುಡದಲ್ಲಿ ಮಣಿಯಂಥ ಗಂಟು ಸಿಕ್ಕರೆ ರೋಗ ಖಚಿತ. ಎರಡು ವಾರ ಡಿ-3 ಪ್ರಮಾಣವನ್ನು ಮಾಮೂಲಿಗಿಂತ ಮೂರುಪಟ್ಟು ಮಾಡಿ ಮತ್ತೆ ಇಳಿಸುವುದು ಚಿಕಿತ್ಸೆ. ಇಳಿಸುವುದನ್ನು ಮರೆತರೆ ಮೂತ್ರಪಿಂಡ ಕೆಡುತ್ತದೆ. ಬೆಳಗಿನ ಎಳೆಬಿಸಿಲಿನಲ್ಲಿ ಬಲೆಯಡಿ ಬಿಡುವುದಕ್ಕೆ ಖರ್ಚಿಲ್ಲ. ಮೊಟ್ಟೆಕೋಳಿಯ ಆಹಾರದಲ್ಲಿ ಕ್ಯಾಲ್ಸಿಯಂ ಶೇ 3.5ಕ್ಕೂ ಮಿಕ್ಕಿರುತ್ತದೆ, ಮನೆಯಲ್ಲಿ ಅದೇ ಚೀಲವಿದೆಯೆಂದು ಮರಿಗೂ ಹಾಕುವುದು ಅಪಾಯ.

ಬ್ರಾಯ್ಲರ್ ಮರಿಗೆ ಬೇರೊಂದು ತೊಂದರೆಯೂ ಇದೆ. ಮೈ ತೂಕ ಏರುವ ವೇಗಕ್ಕೆ ಕಾಲಿನ ಮೂಳೆ ಬೆಳೆಯಲಾರದೆ ತುದಿಯಲ್ಲಿ ಮೃದ್ವಸ್ಥಿಯಾಗಿಯೇ ಉಳಿಯುತ್ತದೆ. ತಳಿಯ ಆಯ್ಕೆಯೇ ಇದರ ಮೂಲವಾದ್ದರಿಂದ ಸಾಕುವವನ ಕೈಯಲ್ಲಿರುವುದು ಬೆಳಕಿನ ಗಂಟೆ ಕಡಿಮೆ ಮಾಡಿ ಬೆಳವಣಿಗೆ ತಗ್ಗಿಸುವುದಷ್ಟೇ.

ಗೋಡೆಯ ಬಿರುಕಿನ ಉಣ್ಣೆ

ಪಠ್ಯಪುಸ್ತಕಗಳಲ್ಲಿ ಕೊನೆಯಲ್ಲಿ ಬರುವ ಉಣ್ಣೆ ಎಂಬ ಕಾರಣ ಬಯಲುಸೀಮೆಯಲ್ಲಿ ಮೊದಲಿಗೆ ಬರಬೇಕು. ಅರ್ಗಾಸ್ ಪರ್ಸಿಕಸ್ ಎಂಬ ಕೋಳಿ ಉಣ್ಣೆಗೆ ಒಣ ಬಿಸಿ ಹವೆ ಪ್ರಿಯ. ಹಗಲೆಲ್ಲ ಮಣ್ಣುಗೋಡೆ, ಕಲ್ಲುಸಂದು, ಹಳೆಯ ತೊಲೆಗಳ ಬಿರುಕಿನಲ್ಲಿದ್ದು ರಾತ್ರಿ ಇಳಿದು ರಕ್ತ ಕುಡಿದು ಬೆಳಗಾಗುವ ಮೊದಲೇ ಮರಳುತ್ತದೆ. ಹಗಲಿನಲ್ಲಿ ಕೋಳಿಯ ಮೈ ನೋಡಿದವರಿಗೆ ಏನೂ ಕಾಣದು. ಆದರೆ ಅದರ ಎಳೆಯ ಲಾರ್ವಾಗಳು ಹಲವು ದಿನ ರೆಕ್ಕೆಯಡಿ ಕಚ್ಚಿಕೊಂಡೇ ಇರುತ್ತವೆ. ಆ ಕಪ್ಪು-ನೀಲಿ ಚುಕ್ಕೆಗಳೇ ಗುರುತು. ಅವುಗಳ ಜೊಲ್ಲಿನ ವಿಷದಿಂದ ಪಾರ್ಶ್ವವಾಯು ಕಾಲಿನಿಂದ ಆರಂಭವಾಗಿ ರೆಕ್ಕೆಗೆ, ಕುತ್ತಿಗೆಗೆ ಏರುತ್ತದೆ. ಲಾರ್ವಾಗಳನ್ನು ತೆಗೆದರೆ ಮರಿ ಎದ್ದು ನಡೆಯುವುದುಂಟು.

ಇದೇ ಉಣ್ಣೆ ಬೊರೇಲಿಯಾ ಅನ್ಸೆರಿನಾ ಎಂಬ ಸುರುಳಿ ಬ್ಯಾಕ್ಟೀರಿಯಾವನ್ನೂ ಹರಡುತ್ತದೆ. ಜ್ವರ, ಹಸಿರು ಭೇದಿ, ಪೇಲವ ಜುಟ್ಟು, ಆಮೇಲೆ ಕಾಲುಸೋಲು. ಹಸಿರು ಭೇದಿಯನ್ನು ಕಂಡೊಡನೆ ಚಿಕಿತ್ಸೆಯಿಲ್ಲದ ಕೊಕ್ಕರೆ ರೋಗವೆಂದು (ರಾಣಿಖೇತ್) ಕೈಬಿಡುವವರೇ ಹೆಚ್ಚು. ಈ ಬ್ಯಾಕ್ಟೀರಿಯಾಕ್ಕೆ ಪೆನಿಸಿಲಿನ್ ನಾಟುತ್ತದೆ, ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಗುರುತು ಸಿಗುತ್ತದೆ. ಹಾಗಾಗಿ ಇಲ್ಲಿ ಪರೀಕ್ಷೆಗೆ ಬೆಲೆಯಿದೆ. ಔಷಧಿ ಸಿಂಪಡಿಸಬೇಕಾದದ್ದು ಮುಖ್ಯವಾಗಿ ಗೂಡಿಗೆ, ಬಿರುಕಿಗೆ, ತೊಲೆಗೆ. ಬೆಳೆದ ಉಣ್ಣೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ಮೀರಿ ಉಪವಾಸ ಇರಬಲ್ಲದು. ಗೂಡು ಖಾಲಿ ಬಿಟ್ಟರೆ ಸಾಯುತ್ತದೆಂಬ ಲೆಕ್ಕ ತಪ್ಪು. ಬಿರುಕು ಮೆತ್ತಿ ಸುಣ್ಣ ಬಳಿಯುವ ಹಳೆಯ ಪದ್ಧತಿಗೆ ಬಲವಾದ ಕಾರಣವಿದೆ.

ಸೋಂಕು ಮತ್ತು ವಿಷ

ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಮರಿಗಳಲ್ಲಿ ಉಸಿರಾಟದ ಕಷ್ಟ, ಹಸಿರು ಭೇದಿಯೊಂದಿಗೆ ಬರುತ್ತದೆ. ಬದುಕುಳಿದವುಗಳ ಕುತ್ತಿಗೆ ತಿರುಚುತ್ತದೆ, ಕಾಲು-ರೆಕ್ಕೆ ಸೋಲುತ್ತವೆ. ಚಿಕಿತ್ಸೆಯಿಲ್ಲ. 5ರಿಂದ 7ನೆಯ ದಿನ ಕಣ್ಣಿಗೆ ಅಥವಾ ಮೂಗಿಗೆ ಎಫ್ ಅಥವಾ ಲಸೋಟ ಲಸಿಕೆಯ ಹನಿ, ನಾಲ್ಕನೆಯ ವಾರ ಮತ್ತೊಮ್ಮೆ ಲಸೋಟ, ಎಂಟನೆಯ ವಾರದ ಸುಮಾರಿಗೆ ಆರ್‌2ಬಿ ಚುಚ್ಚುಮದ್ದು ವಾಡಿಕೆಯ ಕ್ರಮ. ಲಸಿಕೆಯ ಶೀಶೆ ನೂರಾರು ಕೋಳಿಗಾಗುವಷ್ಟಿರುತ್ತದೆ, ಒಡೆದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಮರಿಯ ಮನೆಗೆ ಇದು ಒಗ್ಗದು, ಓಣಿಯವರೆಲ್ಲ ಸೇರಿ ಒಂದೇ ದಿನ ಹಾಕಿಸಿದರೆ ಒಗ್ಗುತ್ತದೆ.

ಮೂರು ವಾರದೊಳಗಿನ ಮರಿ ಕಾಲು ಸೋತು, ಕೈಯಲ್ಲಿ ಹಿಡಿದಾಗ ತಲೆ-ಕತ್ತು ಸಣ್ಣಗೆ ನಡುಗುವುದು ಗೊತ್ತಾದರೆ ಮಿದುಳು-ಬಳ್ಳಿಯ ಉರಿಯೂತದ ವೈರಸ್ ಇರಬಹುದು. ತಾಯಿಯಿಂದ ಮೊಟ್ಟೆಯ ಮೂಲಕ ಬರುವ ಇದಕ್ಕೆ ಲಸಿಕೆ ಹಾಕಬೇಕಾದದ್ದು ತಾಯಿಹಿಂಡಿಗೆ. ಹಂಗೇರಿಯ ಯೋಜೆಫ್ ಮರೆಕ್ 1907ರಲ್ಲಿ ವರ್ಣಿಸಿದ ಮರೆಕ್ಸ್ ರೋಗಕ್ಕೆ ಹುಟ್ಟಿದ ದಿನವೇ ಲಸಿಕೆ ಬೀಳಬೇಕು. ಹ್ಯಾಚರಿಗಳು ಹಾಕುತ್ತವೆ, ತಾಯಿ ಕಾವಿನ ಜವಾರಿ ಮರಿಗೆ ಯಾರೂ ಹಾಕುವುದಿಲ್ಲ. ಕೀಲು ಬಿಸಿಯಾಗಿ ಊದಿದ್ದರೆ ಬ್ಯಾಕ್ಟೀರಿಯಾ ಅಥವಾ ಮೈಕೋಪ್ಲಾಸ್ಮಾ. ಪ್ರತಿಜೀವಕವನ್ನು ವೈದ್ಯರೇ ಆರಿಸಬೇಕು.

ರಕ್ತಭೇದಿ ತಡೆಗೆ ಆಹಾರದಲ್ಲಿ ಬೆರೆಸುವ ಮೊನೆನ್ಸಿನ್, ಸ್ಯಾಲಿನೋಮೈಸಿನ್‌ಗಳ ಮಿಶ್ರಣ ಸರಿಯಾಗದೆ ಪ್ರಮಾಣ ಮೀರಿದರೆ ಇಡೀ ಹಿಂಡು ಕಾಲು ಹಿಂದಕ್ಕೆ ಚಾಚಿ ಎದೆಯ ಮೇಲೆ ಮಲಗುತ್ತದೆ. ಆ ಆಹಾರ ತಕ್ಷಣ ನಿಲ್ಲಿಸಬೇಕು. ಹತ್ತಿ, ಮೆಣಸಿನಕಾಯಿ ಹೊಲಗಳಿಗೆ ಹೊಡೆಯುವ ಕೀಟನಾಶಕ, ಔಷಧಿ ಸವರಿದ ಬಿತ್ತನೆ ಬೀಜ ಅಂಗಳಕ್ಕೆ ಬಿದ್ದರೂ ಇಂಥದೇ ದೃಶ್ಯ. ಕೊಳೆತ ಹೆಣದ ಹುಳ ತಿಂದ ಮರಿ ಬೊಟುಲಿಸಂನಿಂದ ಕಾಲು, ನಂತರ ಕತ್ತು ಜೋಲುಬಿಡುತ್ತದೆ.

ಆರೈಕೆ, ಪರೀಕ್ಷೆ

ಕಾಲು ಸೋತ ಮರಿ ಬಹಳ ಸಲ ಸಾಯುವುದು ರೋಗದಿಂದಲ್ಲ, ಬಾಯಾರಿಕೆಯಿಂದ ಮತ್ತು ಉಳಿದ ಮರಿಗಳ ತುಳಿತದಿಂದ. ಮೊದಲು ಅದನ್ನು ಬೇರೆ ಪೆಟ್ಟಿಗೆಗೆ ಹಾಕಿ, ಕುಳಿತಲ್ಲೇ ಕೊಕ್ಕು ತಲುಪುವಂತೆ ನೀರು, ನೆನೆಸಿದ ಆಹಾರ ಇಡಬೇಕು. ದಿನಕ್ಕೆ ನಾಲ್ಕಾರು ಸಲ ಮಗ್ಗುಲು ಬದಲಿಸಬೇಕು. ಬೆರಳು ಮಡಚಿದ ಮರಿಗೆ ರಟ್ಟಿನ ಚೂರನ್ನು ಪಾದದ ಅಳತೆಗೆ ಕತ್ತರಿಸಿ, ಬೆರಳು ನೀಡಿ ಅಂಟಿಸಿದರೆ ಜೀವಸತ್ವ ಕೆಲಸ ಮಾಡುವವರೆಗೆ ಆಸರೆ.

ಎರಡು ದಿನದಲ್ಲಿ ಬದಲಾವಣೆ ಇಲ್ಲದಿದ್ದರೆ, ಅಥವಾ ಹೊಸದಾಗಿ ಬೀಳುತ್ತಿದ್ದರೆ ತಾಲ್ಲೂಕು ಪಶು ಆಸ್ಪತ್ರೆಗೆ ಒಂದು ಜೀವಂತ ಮರಿ, ಆಗತಾನೆ ಸತ್ತ ಒಂದು ಮರಿ, ಅರ್ಧ ಕಿಲೋ ಆಹಾರ ಮೂರನ್ನೂ ಒಯ್ಯಬೇಕು. ಸತ್ತದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮಂಜುಗಡ್ಡೆಯ ನಡುವೆ ಇಡಬೇಕು, ಬಳ್ಳಾರಿಯ ಬಿಸಿಲಿನಲ್ಲಿ ಎರಡು ಗಂಟೆಗೆ ಅದು ಪರೀಕ್ಷೆಗೆ ಬಾರದಂತಾಗುತ್ತದೆ. ಹೆಚ್ಚಿನ ಪರೀಕ್ಷೆಗೆ ಮಾದರಿಗಳು ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗೆ ಹೋಗುತ್ತವೆ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು.

ಒಂದು ಎಚ್ಚರಿಕೆ. ಹಿಂಡಿನಲ್ಲಿ ದಿಢೀರನೆ ಹಲವು ಸತ್ತರೆ, ಮುಖ-ಜುಟ್ಟು ಊದಿ ನೀಲಿಯಾದರೆ ಮನೆಯಲ್ಲಿ ಕೊಯ್ದು ನೋಡಬಾರದು. 2025ರ ಆರಂಭದಲ್ಲಿ ಇದೇ ಜಿಲ್ಲೆಯ ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿ ಹಕ್ಕಿಜ್ವರ ದೃಢಪಟ್ಟಿತ್ತು. ಹಕ್ಕಿಜ್ವರವೂ ನರಗಳಿಗೆ ಇಳಿದಾಗ ಕಾಲುಸೋಲನ್ನೇ ತೋರಿಸುತ್ತದೆ. ಭೋಪಾಲದ ಉನ್ನತ ಸುರಕ್ಷತಾ ಪ್ರಯೋಗಾಲಯದ ವರದಿ ಬರುವವರೆಗೆ ಅಂಥ ಹಿಂಡಿನಿಂದ ಕೋಳಿ, ಮೊಟ್ಟೆ, ಗೊಬ್ಬರ ಯಾವುದನ್ನೂ ಸಂತೆಗೆ ಸಾಗಿಸಬಾರದು.